ಅಜ್ಜನ ಕೋವಿ: ಉಳಿಸಿಕೊಳ್ಳುವುದೋ, ಕೊಟ್ಟುಬಿಡುವುದೋ?

ಮನೆತನದ ಆಸ್ತಿಯು ಪಾಲಾಗುವ ಕಾಲದಲ್ಲಿ ಹೊಲಗದ್ದೆ, ಬಂಗಾರ, ಪಾತ್ರೆಪಡಗಗಳ ವಿಷಯವಾಗಿ ನಾಲ್ವರು ಹಿರಿಯರು ಕುಳಿತು ತೀರ್ಮಾನಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಆದರೆ ನಡುಮನೆಯ ಗೋಡೆಗೆ ತೂಗಹಾಕಿದ ಹಳೆಯ ಕೋವಿಯ ಮಾತು ಬಂದೊಡನೆ ಸಭೆಯು ಮೌನವಾಗುವುದು. ಅದನ್ನು ತುಂಡರಿಸಿ ಹಂಚಲು ಬಾರದು. ಪೇಟೆಯಲ್ಲಿ ಬೆಲೆ ಕಟ್ಟಿಸಿ ಯಾರಿಗೆಂದರೆ ಅವರಿಗೆ ಮಾರಲೂ ಬಾರದು. “ಅಜ್ಜನ ಕೈಯಲ್ಲಿದ್ದದ್ದು, ಹೊರಗೆ ಹೋಗಕೂಡದು” ಎಂದು ಒಬ್ಬ ಮಗನು. “ತುಕ್ಕು ಹಿಡಿದ ಇದನ್ನು ವ್ಯಾಪಾರಿಗೆ ಕೊಟ್ಟು ಹೊಸದೊಂದನ್ನು ತರೋಣ” ಎಂದು ಇನ್ನೊಬ್ಬನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದರಿಂದಲೇ ಈ ಪ್ರಶ್ನೆಯು ಸುಲಭವಾಗಿ ಬಗೆಹರಿಯತಕ್ಕದ್ದಲ್ಲ.

ಈಚೆಗೆ ಕಾಯಿದೆಯೂ ಈ ಪ್ರಶ್ನೆಯನ್ನು ಮನೆಬಾಗಿಲಿಗೆ ತಂದು ನಿಲ್ಲಿಸಿರುವುದು. 1959ರ ಆಯುಧಗಳ ಕಾಯಿದೆಯ ಮೇರೆಗೆ ಒಬ್ಬನು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಾಗಿದ್ದಿತು. 2019ರ ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿತು. ಹೆಚ್ಚಿನದನ್ನು ಒಂದು ವರ್ಷದೊಳಗಾಗಿ ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕೆಂದಿತು. ಪಿತ್ರಾರ್ಜಿತವಾಗಿ ಬಂದ ಆಯುಧಗಳಿಗೂ ಈ ಮಿತಿಯು ಅನ್ವಯಿಸುವುದೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ತನ್ನ ಬೆಳೆ ಕಾಯಲು ಎರಡು ಕೋವಿಗಳನ್ನಿಟ್ಟುಕೊಂಡ ಮಲೆನಾಡಿನ ರೈತನೊಬ್ಬನಿಗೆ ತಂದೆಯ ಕೋವಿಯೂ ಬಂದಿತೆಂದರೆ, ಮೂರರಲ್ಲಿ ಒಂದು ಹೋಗಲೇಬೇಕು. ಯಾವುದು?

ಇಂಥ ಮಮತೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವವರೊಡನೆ ನಾವು ಸಮ್ಮತಿಸಲಾರೆವು. ಆಯುಧವನ್ನು ಕಸಿದುಕೊಳ್ಳುವುದೆಂದರೆ ಮಾನವನ್ನು ಕಸಿದುಕೊಳ್ಳುವುದೇ ಎಂದು ನಮ್ಮ ಜನರು ಭಾವಿಸಿದ ಕಾಲವೊಂದಿತ್ತು. 1857ರಲ್ಲಿ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲೊಲ್ಲದೆ ದಂಗೆಯೆದ್ದರು. ಊರು ಸುಟ್ಟುಹೋಯಿತು, ಅನೇಕರು ಗಲ್ಲಿಗೇರಿದರು. 1878ರ ಕಾಯಿದೆಯು ಭಾರತೀಯರಿಗೆ ಲೈಸೆನ್ಸಿನ ಕಟ್ಟು ವಿಧಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಅಹಿಂಸೆಯನ್ನೇ ವ್ರತವಾಗಿ ಹಿಡಿದ ಗಾಂಧೀಜಿಯವರು ಕೂಡ ಇಡಿಯ ರಾಷ್ಟ್ರವನ್ನು ನಿರಾಯುಧಗೊಳಿಸಿದ ಆ ಕೃತ್ಯವನ್ನು ಬ್ರಿಟಿಷ್ ಆಳಿಕೆಯ ಅತ್ಯಂತ ಕರಾಳ ಅಪರಾಧವೆಂದು ಎಣಿಸಿದ್ದರು. ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕೆಂದು 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿಯೂ ಸೇರಿದ್ದಿತು. ಹೀಗಿರುವಲ್ಲಿ ಅಜ್ಜನು ದೊರೆತನದ ಅನುಮಾನದ ಕಣ್ಣಿನೆದುರಿಗೇ ಕಾಪಾಡಿಕೊಂಡು ಬಂದ ಕೋವಿಯು ಮೊಮ್ಮಗನಿಗೆ ಬರಿಯ ಕಬ್ಬಿಣವಾಗಿ ಕಾಣದಿದ್ದರೆ ಆಶ್ಚರ್ಯವೇನು?

ಕೊಡಗಿನಲ್ಲಂತೂ ಈ ಭಾವನೆಯು ಆಚಾರದೊಡನೆಯೇ ಹೆಣೆದುಕೊಂಡಿದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗಳನ್ನು ತೊಳೆದು ಒರೆಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವರು. ಪುತ್ತರಿಯಲ್ಲಿ ಹೊಸ ಕದಿರನ್ನು ಕೊಯ್ಯುವ ಮುನ್ನ ಗುಂಡು ಹಾರಿಸುವರು. ಜನನಮರಣಗಳನ್ನು ಊರಿಗೆ ಸಾರುತ್ತಿದ್ದುದೂ ಕೋವಿಯ ಸದ್ದೇ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಉಳಿದ ಕನ್ನಡನಾಡಿನಲ್ಲಿಯೂ ಆಯುಧಪೂಜೆಯ ದಿನ ಕೋವಿಗೆ ಕುಂಕುಮವೇರುವುದನ್ನು ಕಾಣದವರಾರು?

ಇಷ್ಟೆಲ್ಲ ಹೇಳಿದ ಮೇಲೆಯೂ ಒಂದು ಮಾತನ್ನು ನಾವು ಮರೆಮಾಚಲಾರೆವು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವುದು ವಿವೇಕವಲ್ಲ. ತಾತನ ಕಾಲದ ಪಂಚಪಾತ್ರೆಯು ಮೂಲೆಯಲ್ಲಿ ಬಿದ್ದಿದ್ದರೆ ಯಾರಿಗೂ ಕೇಡಿಲ್ಲ. ಕೋವಿಯು ಹಾಗಲ್ಲ. ಅದರ ಒಳಗನ್ನು ಅರಿಯದವನ ಮನೆಯಲ್ಲಿ ಅದು ಮಗುವಿನ ಆಟಕ್ಕೂ, ಕಳ್ಳನ ಆಶೆಗೂ, ಕುಡಿತದ ಕೋಪಕ್ಕೂ, ನಿರಾಶೆಯ ಒಂದು ಗಳಿಗೆಗೂ ಸಿಕ್ಕತಕ್ಕ ವಸ್ತು. ಬಳಸದೆ ಇಟ್ಟಿದ್ದೇವೆಂಬುದು ಭದ್ರತೆಯಲ್ಲ. ಬಳಸದ ಕೋವಿಯೊಳಗೆ ತೋಟೆ ಉಳಿದಿದೆಯೋ ಇಲ್ಲವೋ ಎಂಬುದನ್ನು ನೋಡುವವರೇ ಇರುವುದಿಲ್ಲ.

ಇನ್ನೊಂದು ಅಪಾಯವನ್ನು ಬಲ್ಲವರು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಅನೇಕ ಜೋಡಿನಳಿಗೆಯ ಬಂದೂಕುಗಳ ನಳಿಗೆಗಳು ಡಮಾಸ್ಕಸ್ ಎಂಬ ಬಗೆಯವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಕಾಸಿ ಬೆಸೆದು ಮಾಡಿದವು. ಆ ನಳಿಗೆಯ ಮೇಲಿನ ಅಲೆಯಂಥ ನೇಯ್ಗೆಯು ಕಣ್ಣಿಗೆ ಅತಿ ಮನೋಹರ. ಆದರೆ ಅವು ಕರಿಮದ್ದಿಗಾಗಿ ಹುಟ್ಟಿದವು. ಈಗಿನ ಹೊಗೆಯಿಲ್ಲದ ಮದ್ದಿನ ತೋಟೆಯನ್ನು ಅದರಲ್ಲಿಟ್ಟು ಹಾರಿಸಿದರೆ, ಒಳಗೇ ತುಕ್ಕು ತಿಂದ ನಳಿಗೆಯು ಸಿಡಿದು ಹಾರಿಸಿದವನ ಕೈಯನ್ನೇ ಒಯ್ಯಬಹುದು. ಹಂದಿಯನ್ನು ಬೆದರಿಸಲು ಅಜ್ಜನ ಕೋವಿಯನ್ನು ಇಳಿಸುವವರು ಮೊದಲು ಅದನ್ನು ಬಲ್ಲ ಕಮ್ಮಾರನಿಗೆ ತೋರಿಸತಕ್ಕದ್ದು.

ಹಾಗಾದರೆ ವ್ಯಾಪಾರಿಗೆ ಕೊಟ್ಟು ಬದಲಿಸಿಕೊಳ್ಳಬಹುದೇ? ಇಲ್ಲಿ ಲಾಭನಷ್ಟದ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ವಿದೇಶೀ ಬಂದೂಕುಗಳ ಆಮದಿಗೆ ಬಹುಕಾಲದಿಂದ ನಿರ್ಬಂಧವಿರುವುದರಿಂದ, ಬರ್ಮಿಂಗ್‌ಹ್ಯಾಮಿನ ಹೆಸರಾಂತ ಕಾರ್ಖಾನೆಗಳ ಮುದ್ರೆಯಿರುವ ಹಳೆಯ ಕೋವಿಗಳಿಗೆ ನಮ್ಮ ದೇಶದಲ್ಲಿ ಗಿರಾಕಿಗಳುಂಟು. ಇದನ್ನರಿಯದ ವಾರಸುದಾರನು ಅಂಥದನ್ನು ಕೊಟ್ಟು ಹೊಸದೊಂದನ್ನು ತಂದು, ತಾನೇ ಗೆದ್ದೆನೆಂದುಕೊಳ್ಳುವನು. ಮತ್ತೊಂದು ಕಡೆ, ಹಳ್ಳಿಯ ಕಮ್ಮಾರನು ಮಾಡಿದ ಕೇಪಿನ ಕೋವಿಗೆ ಪೇಟೆಯಲ್ಲಿ ಬೆಲೆಯೇ ಇಲ್ಲ. ಮನೆಯವರಿಗೆ ಮಾತ್ರ ಅದು ಅಮೂಲ್ಯ. ಬೆಲೆಯುಳ್ಳದ್ದನ್ನು ಅರಿಯದೆ ಕೊಡುವುದೂ, ಬೆಲೆಯಿಲ್ಲದ್ದನ್ನು ನಾಲ್ಕು ಕಾಸಿಗೆ ಕೊಟ್ಟು ನಂತರ ಮರುಗುವುದೂ, ಎರಡೂ ಅವಸರದ ಫಲವೇ.

ನಮ್ಮ ಅಭಿಪ್ರಾಯದಲ್ಲಿ ಮನೆಯವರು ತಮ್ಮೊಳಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಇದರ ಕಥೆಯನ್ನು ಬಲ್ಲವರು ಮನೆಯಲ್ಲಿ ಇದ್ದಾರೆಯೇ? ಇದನ್ನು ಬಿಚ್ಚಿ, ಒರೆಸಿ, ಬೀಗದೊಳಗಿಟ್ಟು ಕಾಯುವ ಸಮಚಿತ್ತದ ಒಬ್ಬನಿದ್ದಾನೆಯೇ? ಇದರಿಂದ ತೋಟಕ್ಕಾಗಲಿ ಆಚಾರಕ್ಕಾಗಲಿ ಇಂದಿಗೂ ಉಪಯೋಗವುಂಟೇ? ಮೊದಲನೆಯ ಎರಡಕ್ಕೆ ಹೌದೆಂಬ ಉತ್ತರ ಬಂದರೆ, ಮೂರನೆಯದಕ್ಕೆ ಇಲ್ಲವೆಂದು ಬಂದರೂ ಆ ಕೋವಿಯನ್ನು ಉಳಿಸಿಕೊಳ್ಳಿರಿ. ಕೊಡುವುದಾದರೆ ಅಂಗಡಿಯಿಂದ ತಂದ ಎರಡನೆಯದನ್ನು ಕೊಡಿರಿ. ಕಾಯುವವನೇ ಇಲ್ಲವಾದರೆ, ಕಥೆಯು ಎಷ್ಟೇ ದೊಡ್ಡದಿರಲಿ, ಆ ಕೋವಿಯು ಆ ಮನೆಯಲ್ಲಿ ಇರಕೂಡದು. ಪೂರ್ವಿಕರು ನಮಗೆ ಬಿಟ್ಟುಹೋದದ್ದು ಕಬ್ಬಿಣವನ್ನಲ್ಲ, ಅದನ್ನು ಕಾಯುವ ಹೊಣೆಯನ್ನು.

ಕೊಡುವ ದಾರಿಯೂ ಕಾಯಿದೆಯಲ್ಲಿ ಸ್ಪಷ್ಟವಿದೆ. ಲೈಸೆನ್ಸುದಾರನು ತೀರಿಕೊಂಡರೆ ವಾರಸುದಾರರು ತಡಮಾಡದೆ ಆಯುಧವನ್ನು ಠಾಣೆಯಲ್ಲಾಗಲಿ ವ್ಯಾಪಾರಿಯಲ್ಲಾಗಲಿ ಇರಿಸಬೇಕು. ಇರಿಸಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅರ್ಹನಿಗೆ ಮಾರಿ ಹಣ ಪಡೆಯುವ ಅಧಿಕಾರ ಅವರಿಗೇ ಉಂಟು. ಆದರೆ ಗೊತ್ತುಪಡಿಸಿದ ಅವಧಿಯನ್ನು ಮೀರಿದರೆ ಅದು ಸರಕಾರದ ಪಾಲಾಗಬಹುದು. ಖಾಸಗಿಯಾಗಿ ಇನ್ನೊಬ್ಬ ಲೈಸೆನ್ಸುದಾರನಿಗೆ ಕೊಡುವುದಾದರೆ ಜಿಲ್ಲಾ ದಂಡಾಧಿಕಾರಿಗಾಗಲಿ ಠಾಣಾಧಿಕಾರಿಗಾಗಲಿ ಬರಹದಲ್ಲಿ ತಿಳಿಸಿ 45 ದಿನಗಳು ಕಳೆಯಬೇಕು. 2016ರ ನಿಯಮಗಳಂತೆ, 70 ವರ್ಷ ತುಂಬಿದ ಅಥವಾ 25 ವರ್ಷ ಕೋವಿಯನ್ನು ಹೊಂದಿದ ಲೈಸೆನ್ಸುದಾರನು ತನ್ನ ಜೀವಿತಕಾಲದಲ್ಲಿಯೇ ವಾರಸುದಾರನನ್ನು ಗೊತ್ತುಮಾಡಲು ಅವಕಾಶವುಂಟು. ಹಿರಿಯರು ಇದನ್ನು ಮುಂದಾಗಿ ಮಾಡಿದರೆ ಮಕ್ಕಳ ಅರ್ಧ ಜಗಳವು ಹುಟ್ಟುವ ಮುನ್ನವೇ ಅಡಗುವುದು. ಇನ್ನು ದುರಸ್ತಿಮಾಡಿದರೂ ಹಾರದಂತಾದ ಪುರಾತನ ಆಯುಧವು ಕಾಯಿದೆಯ ಕಟ್ಟಿಗೇ ಒಳಪಡುವುದಿಲ್ಲ. ಕ್ರಮಬದ್ಧವಾಗಿ ನಿಷ್ಕ್ರಿಯಗೊಳಿಸಿದ ಕೋವಿಯು ಗೋಡೆಯ ಮೇಲೆ ನೆನಪಾಗಿ ಉಳಿಯಬಹುದು. ನೆನಪೊಂದೇ ಬೇಕಾದವರಿಗೆ ಇದಕ್ಕಿಂತ ಉತ್ತಮ ಮಾರ್ಗವಿಲ್ಲ.

ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಹೊತ್ತು ಠಾಣೆಗೆ ಬರುವ ರೈತನು ಅಪರಾಧಿಯಲ್ಲ. ತಂದೆಯ ಉತ್ತರಕ್ರಿಯೆ ಮುಗಿಸಿ ಅವನ ಕೋವಿಯನ್ನು ಒಪ್ಪಿಸಲು ಬರುವ ಮಗನೂ ಅಲ್ಲ. ಅವನಿಗೆ ರಸೀದಿಯನ್ನು ತಡವಿಲ್ಲದೆ ಕೊಟ್ಟು, ಅವನ ಹಕ್ಕೇನು, ಅವಧಿಯೆಷ್ಟು ಎಂಬುದನ್ನು ಕನ್ನಡದಲ್ಲಿ ತಿಳಿಹೇಳಿದರೆ, ಕಾಯಿದೆಗೆ ಹೆದರಿ ಅಟ್ಟದ ಮೇಲೆ ಬಚ್ಚಿಟ್ಟ ಕೋವಿಗಳೂ ಬೆಳಕಿಗೆ ಬಂದಾವು.

ಕೊನೆಯದಾಗಿ, ಕೊಡುವವರಿಗೆ ಒಂದು ಮಾತು. ಕೋವಿಯು ಹೊಸ್ತಿಲು ದಾಟುವ ಮುನ್ನ ಅದನ್ನು ಯಾರು ತಂದರು, ಎಂದು ತಂದರು, ಯಾವ ಕಷ್ಟದಲ್ಲಿ ಅದು ಮನೆಯನ್ನು ಕಾಯಿತು ಎಂಬುದನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡಿರಿ. ಆ ಬರಹಕ್ಕೆ ಲೈಸೆನ್ಸು ಬೇಕಿಲ್ಲ, ತುಕ್ಕು ಹಿಡಿಯುವುದಿಲ್ಲ, ಎಷ್ಟು ಮಕ್ಕಳಿದ್ದರೂ ಅಷ್ಟು ಪಾಲಾಗುವುದು.