ಸಣ್ಣ ಕಾರಿನ ಹಿಂಬದಿ ಸ್ಪ್ರಿಂಗ್: ಖರೀದಿಗೆ ಮುನ್ನ ಅಳತೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಅನೇಕ ವರ್ತಕರಿಗೆ ಸಣ್ಣ ಕಾರು ಕುಟುಂಬದ ವಾಹನವೂ ಹೌದು, ಅಂಗಡಿಯ ಸರಕಿನ ವಾಹನವೂ ಹೌದು. ಹತ್ತಿ, ತೊಗರಿ, ಭತ್ತದ ವ್ಯವಹಾರಕ್ಕೆ ಹಳ್ಳಿಗಳಿಗೆ ಹೋಗಿಬರುವಾಗ ಕಪ್ಪು ಮಣ್ಣಿನ ಮೇಲೆ ಹಾದ ಏರುತಗ್ಗಿನ ರಸ್ತೆಗಳು ಎದುರಾಗುತ್ತವೆ. ಡಿಕ್ಕಿಯಲ್ಲಿರಿಸಿದ ತಲಾ 50 ಕಿಲೋಗ್ರಾಂನ ಎರಡು ಚೀಲಗಳ ಭಾರ ಬಹುತೇಕ ಹಿಂದಿನ ಅಚ್ಚಿನ ಮೇಲೆಯೇ ಬೀಳುತ್ತದೆ. ಕಾಲಕ್ರಮದಲ್ಲಿ ಹಿಂಭಾಗ ಕುಸಿದಾಗ ಮಾಲೀಕರು ‘ಗಟ್ಟಿ ಸ್ಪ್ರಿಂಗ್’ ಕೇಳುವುದು ವಾಡಿಕೆ. ಆದರೆ ಗಟ್ಟಿಯಾದುದೆಲ್ಲವೂ ಸೂಕ್ತವಲ್ಲ.

ಮೊದಲು ವಾಹನದ ರಚನೆಯನ್ನು ಅರಿಯತಕ್ಕದ್ದು. 1986ರಲ್ಲಿ ಬಂದ ಎರಡನೆಯ ಪೀಳಿಗೆಯ ಮಾರುತಿ 800 ಕಾರಿನ ಹಿಂಬದಿಯಲ್ಲಿರುವುದು ಸುರುಳಿ ಸ್ಪ್ರಿಂಗ್, ಓಮ್ನಿಯಲ್ಲಿರುವುದು ಪಾಟಾ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿರುವುದರಿಂದ ಅದರ ಬಿಡಿಭಾಗ ಕೊಳ್ಳುವಾಗ ವಿಶೇಷ ಎಚ್ಚರ ಅಗತ್ಯ.

ಹಳೆಯ ಸ್ಪ್ರಿಂಗ್ ಮೃದುವಾಗುತ್ತದೆಂಬ ನಂಬಿಕೆ ಪೂರ್ಣ ಸರಿಯಲ್ಲ. ಉಕ್ಕಿನ ಬಿಗಿತ ಹೆಚ್ಚು ಬದಲಾಗದು. ಕುಗ್ಗುವುದು ಸ್ಪ್ರಿಂಗಿನ ಉದ್ದ. ಆದ್ದರಿಂದ ಖಾಲಿ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ಮಧ್ಯಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಎರಡೂ ಬದಿ ಅಳೆದು, ಅದೇ ಮಾದರಿಯ ಸುಸ್ಥಿತಿಯ ಕಾರಿನೊಡನೆ ಹೋಲಿಸಬೇಕು. ಎತ್ತರ ಸರಿಯಿದ್ದು ಕಾರು ಕುಣಿಯುತ್ತಿದ್ದರೆ ದೋಷ ಶಾಕ್ ಅಬ್ಸಾರ್ಬರ್‌ನದ್ದಾಗಿರಬಹುದು. ಆಗ ಸ್ಪ್ರಿಂಗಿಗೆ ಹಾಕಿದ ಹಣ ವ್ಯರ್ಥ.

ಸುರುಳಿ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಇತರ ಅಳತೆಗಳು ಅಷ್ಟೇ ಇದ್ದು ದಪ್ಪ ಶೇ. 10ರಷ್ಟು ಹೆಚ್ಚಿದರೆ ಬಿಗಿತ ಸುಮಾರು ಶೇ. 46ರಷ್ಟು ಏರುತ್ತದೆ. ಅಷ್ಟು ಬಿಗಿಯಾದ ಸ್ಪ್ರಿಂಗಿನ ಪುಟಿತವನ್ನು ಮೂಲ ಶಾಕ್ ಅಬ್ಸಾರ್ಬರ್ ಸಮರ್ಪಕವಾಗಿ ತಡೆಯಲಾರದು. ಖಾಲಿ ಕಾರು ತಗ್ಗಿನಲ್ಲಿ ಜಿಗಿದು, ಚಕ್ರ ನೆಲದ ಹಿಡಿತ ಕಳೆದುಕೊಳ್ಳಬಹುದು. ಅನ್ಯ ಮಾದರಿಯ ಸ್ಪ್ರಿಂಗನ್ನು ಕತ್ತರಿಸಿ ಕೂರಿಸುವುದು ಇನ್ನೂ ಅಪಾಯಕರ. ಆರು ಕ್ರಿಯಾಶೀಲ ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತ ಶೇ. 20ರಷ್ಟು ಹೆಚ್ಚುತ್ತದೆ, ಗ್ಯಾಸ್ ಕಟ್ಟರ್‌ನ ಶಾಖದಿಂದ ಉಕ್ಕಿನ ಹದವೂ ಕೆಡುತ್ತದೆ. ಸುತ್ತುಗಳ ನಡುವೆ ತುರುಕುವ ರಬ್ಬರ್ ತುಂಡು ಎತ್ತರ ನೀಡಿದರೂ ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚಿಸುತ್ತದೆ.

ಆದಕಾರಣ ಬಹುತೇಕರಿಗೆ ತಯಾರಕರು ಸೂಚಿಸಿದ ಮೂಲ ದರ್ಜೆಯೇ ಸೂಕ್ತ. ಸಿಎನ್‌ಜಿ ಅಥವಾ ಎಲ್‌ಪಿಜಿ ಟ್ಯಾಂಕಿನ ಶಾಶ್ವತ ಭಾರವಿದ್ದಲ್ಲಿ ಮಾತ್ರ, ಅಂತಹ ಮಾದರಿಗೆ ತಯಾರಕರೇ ನಿಗದಿಪಡಿಸಿದ ಸ್ಪ್ರಿಂಗ್ ಇದೆಯೇ ಎಂದು ವಿಚಾರಿಸುವುದು ಯುಕ್ತ. ಬಿಡಿಭಾಗದ ಸಂಖ್ಯೆ ಮತ್ತು ಸ್ಪ್ರಿಂಗಿನ ಮೇಲಿನ ಬಣ್ಣದ ಗುರುತನ್ನು ಹೊಂದಿಸಿ ನೋಡಿ, ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು. ರಬ್ಬರ್ ಪೀಠ ಮತ್ತು ಬಂಪ್ ಸ್ಟಾಪರ್‌ಗಳನ್ನೂ ಪರಿಶೀಲಿಸಬೇಕು. ವಾಹನ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಜಿಎಸ್‌ಟಿ ಅನ್ವಯವಾಗಿದ್ದು, ಬಿಡಿಭಾಗದ ಸಂಖ್ಯೆ ನಮೂದಿಸಿದ ರಶೀದಿ ಪಡೆಯುವುದು ಗ್ರಾಹಕರಿಗೂ ಮಾರಾಟಗಾರರಿಗೂ ಹಿತ.

ಹಿಂಭಾಗ ಕುಸಿದ ಕಾರಿನ ದೀಪ ಮೇಲಕ್ಕೆ ತಿರುಗಿ, ರಾತ್ರಿ ಎದುರಿನ ಚಾಲಕರ ಕಣ್ಣು ಕುಕ್ಕುತ್ತದೆ. ಹೊಸ ಸ್ಪ್ರಿಂಗ್ ಜೋಡಿಸಿದ ನಂತರ ದೀಪದ ಕೋನವನ್ನೂ ನೋಡಿಸಬೇಕು. ಸ್ಪ್ರಿಂಗ್ ಗಟ್ಟಿಯಾದ ಮಾತ್ರಕ್ಕೆ ಅಚ್ಚು, ಬ್ರೇಕ್, ಟೈರುಗಳ ಸಾಮರ್ಥ್ಯ ಹೆಚ್ಚುವುದಿಲ್ಲ. ಪ್ರತಿದಿನವೂ ಚೀಲ ಸಾಗಿಸಬೇಕಾದವರಿಗೆ ಸರಕಿನ ವಾಹನದ ಬಾಡಿಗೆಯೇ ಕೊನೆಗೆ ಮಿತವ್ಯಯದ ಮಾರ್ಗ.