ಜನರಲ್ ತಿಮ್ಮಯ್ಯ

ರಣರಂಗದಲ್ಲಿ ಜಯ ಗಳಿಸುವುದು ಸೇನಾನಿಯ ಧರ್ಮ. ಹಗೆತನದಿಂದ ಕುದಿಯುವ ಎರಡು ಪಕ್ಷಗಳ ನಡುವೆ ನಿಂತು ನ್ಯಾಯವನ್ನು ಕಾಯುವುದು ಅದಕ್ಕಿಂತಲೂ ಕಠಿಣವಾದ ಕಾರ್ಯ. ಇವೆರಡರಲ್ಲಿಯೂ ಕೀರ್ತಿ ಪಡೆದವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಡೆಹರಾಡೂನಿನ ಸೈನಿಕ ವಿದ್ಯಾಲಯದಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಶಿಕ್ಷಣ ಪಡೆದು, 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಸೈನ್ಯವನ್ನು ಸಮರ್ಥವಾಗಿ ನಡೆಸಿದರು.

1948ರ ಕಾಶ್ಮೀರ ಯುದ್ಧದಲ್ಲಿ, ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿರುವ ಜೋಜಿಲಾ ಕಣಿವೆ ಎದುರಾಳಿಗಳ ವಶವಾಗಿತ್ತು. ಅದು ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಕಾಲಾಳುಗಳ ದಾಳಿ ಫಲಿಸಲಿಲ್ಲ. ಚಳಿಗಾಲ ಸಮೀಪಿಸುತ್ತಿತ್ತು, ಹಿಮ ಮುಚ್ಚಿದರೆ ಲಡಾಖ್ ಕೈತಪ್ಪುವ ಭಯವಿತ್ತು. ಆಗ ಟ್ಯಾಂಕುಗಳನ್ನೇ ಕಣಿವೆಗೆ ಏರಿಸಲು ನಿರ್ಧಾರವಾಯಿತು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಗಳ ಕಿರುದಾರಿಯನ್ನು ಅಗಲಗೊಳಿಸಿದರು. ಟ್ಯಾಂಕುಗಳ ಮೇಲ್ಭಾಗವನ್ನು ಕಳಚಿ, ಹೊದಿಕೆ ಹೊದಿಸಿ, ಗುಟ್ಟಾಗಿ ಸಾಗಿಸಲಾಯಿತು. ನವೆಂಬರ್ 1ರಂದು ಅವು ಕಣಿವೆಯನ್ನು ಹೊಕ್ಕಾಗ ಎದುರಾಳಿಗಳು ಕಂಗೆಟ್ಟರು. ಮೇಜರ್ ಜನರಲ್ ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಆ ತಿಂಗಳು ಮುಗಿಯುವ ಮೊದಲೇ ಲೇಹ್‌ನ ದಾರಿ ತೆರೆಯಿತು.

1953ರಲ್ಲಿ ಕೊರಿಯಾದ ಯುದ್ಧ ನಿಂತಾಗ ಬೇರೊಂದು ಬಗೆಯ ಪರೀಕ್ಷೆ ಎದುರಾಯಿತು. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆಯನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ವಹಿಸಲಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಪೋಲೆಂಡ್, ಜೆಕೊಸ್ಲೊವಾಕಿಯಾ ಒಂದು ಕಡೆ; ಸ್ವೀಡನ್, ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ನಡುವಿನ ಮತ ಭಾರತದ್ದು. ತಮ್ಮ ದೇಶದ ಪ್ರತಿನಿಧಿಗಳ ಮಾತನ್ನು ಕೇಳಲು ಕೂಡ ಅನೇಕ ಕೈದಿಗಳು ನಿರಾಕರಿಸಿದರು. ಅವರನ್ನು ಬಲಾತ್ಕಾರದಿಂದ ಎಳೆತರಲು ತಿಮ್ಮಯ್ಯನವರು ಸಮ್ಮತಿಸಲಿಲ್ಲ. ಎರಡೂ ಪಕ್ಷಗಳಿಂದ ಟೀಕೆ ಬಂದರೂ ಅವರು ತಾಳ್ಮೆಗೆಡಲಿಲ್ಲ. ಜೋಜಿಲಾದಲ್ಲಿ ಬಲವನ್ನು ಬಳಸಲು ಹಿಂಜರಿಯದವರು ಇಲ್ಲಿ ಬಲವನ್ನು ತಡೆಹಿಡಿದರು.

1957ರಿಂದ 1961ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ಅನಂತರವೂ ವಿಶ್ರಾಂತಿ ದೊರೆಯಲಿಲ್ಲ. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವವನ್ನು 1964ರಲ್ಲಿ ವಹಿಸಿಕೊಂಡರು. 1965ರ ಡಿಸೆಂಬರ್ 18ರಂದು, ಆ ಕರ್ತವ್ಯದಲ್ಲಿರುವಾಗಲೇ ನಿಧನರಾದರು. ಸೈಪ್ರಸ್ ಸರ್ಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಶಸ್ತ್ರವನ್ನು ಎಂದು ಎತ್ತಬೇಕು, ಎಂದು ಕೆಳಗಿಡಬೇಕು ಎಂಬ ವಿವೇಕವನ್ನು ಅರಿತಿದ್ದ ವೀರನೊಬ್ಬನು ಹುಟ್ಟಿದ ಊರಿನಲ್ಲಿ ಅದು ನಿಂತಿದೆ.