ನಾಲ್ಕು ಗೋಡೆಗಳ ನಡುವೆ ಅರಳಿದ ಕೀರ್ತಿ: ಜೋಷ್ನಾ ಚಿಣ್ಣಪ್ಪ

ನಮ್ಮ ಕೊತ್ತತ್ತಿಯ ಕಡೆ ‘ಸ್ಕ್ವಾಷ್’ ಎಂದೊಡನೆ ಜನರ ಕಣ್ಣಮುಂದೆ ಬರುವುದು, ಬೇಸಗೆಯಲ್ಲಿ ಮನೆಗೆ ಬಂದ ನೆಂಟರಿಗೆ ನೀರು ಬೆರೆಸಿ ಕೊಡುವ ಹಣ್ಣಿನ ರಸದ ಸೀಸೆ. ಅದೇ ಹೆಸರಿನ ಆಟವೊಂದಿದೆ, ಅದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು ಲೋಕಪ್ರಸಿದ್ಧರಾದ ಹೆಣ್ಣುಮಗಳೊಬ್ಬರಿದ್ದಾರೆ ಎಂದು ನಾವು ಒಂದು ಸಂಜೆ ಪರಿಚಿತರ ಮನೆಯ ಜಗಲಿಯ ಮೇಲೆ ಮಾತು ತೆಗೆದೆವು. ಆ ಮನೆಯ ಹಿರಿಯರು ನಕ್ಕು, “ಗೋಡೆಗೆ ಚೆಂಡು ಹೊಡೆಯೋದೂ ಒಂದು ಕಸುಬೇ ಸ್ವಾಮಿ?” ಎಂದರು. ಕಂಬಕ್ಕೆ ಒರಗಿ ನಿಂತಿದ್ದ ಅವರ ಮೊಮ್ಮಗಳು ಮಾತ್ರ ನಗಲಿಲ್ಲ. ಎಂಟನೆಯ ತರಗತಿಯ ಆ ಹುಡುಗಿ ಶಾಲೆಯ ಖೊಖೊ ತಂಡದಲ್ಲಿ ಚುರುಕಾಗಿ ಓಡುತ್ತಿದ್ದವಳು. ‘ದೊಡ್ಡವಳಾದಳು, ಇನ್ನು ಸಾಕು’ ಎಂದು ಮನೆಯವರು ಆ ವರ್ಷವಷ್ಟೇ ಆಟ ಬಿಡಿಸಿದ್ದರು.

ಹಿರಿಯರ ಪ್ರಶ್ನೆಗೆ ಅಂದು ನಾವು ಹೇಳಿದ ಉತ್ತರವನ್ನೇ ಓದುಗ ಬಂಧುಗಳ ಮುಂದೆ ಇಲ್ಲಿ ವಿಸ್ತಾರವಾಗಿ ಇಡುತ್ತಿದ್ದೇವೆ.

ಕಾವೇರಿಯ ನಾಡಿನ ಮನೆತನ

ನಮ್ಮ ಮಂಡ್ಯದ ಗದ್ದೆಗಳಿಗೆ ನೀರುಣಿಸುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಜೋಷ್ನಾ ಚಿಣ್ಣಪ್ಪ ಅವರ ಮನೆತನವೂ ಅದೇ ಕೊಡಗಿನದು. ಸ್ವತಂತ್ರ ಭಾರತದ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿದ್ದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರು ಇವರ ಬಂಧುವರ್ಗಕ್ಕೆ ಸೇರಿದವರು. ತಂದೆ ಅಂಜನ್ ಚಿಣ್ಣಪ್ಪನವರದು ಕೊಡಗಿನಲ್ಲಿ ಕಾಫಿ ತೋಟ. ಮನೆ ಮಾಡಿದ್ದು ಮದರಾಸಿನಲ್ಲಿ. ಅಲ್ಲಿಯೇ 1986ರ ಸೆಪ್ಟೆಂಬರ್ 15ರಂದು ಜೋಷ್ನಾ ಜನಿಸಿದರು.

ಕೊಡವರಿಗೆ ಆಟವೆಂದರೆ ಮನೆಯ ಹೊರಗಿನ ಸಂಗತಿಯಲ್ಲ. 1997ರಲ್ಲಿ ಅಲ್ಲಿ ಆರಂಭವಾದ ಹಾಕಿ ಉತ್ಸವದಲ್ಲಿ ಪ್ರತಿಯೊಂದು ತಂಡವೂ ಒಂದೊಂದು ಮನೆತನದ ಹೆಸರಿನಲ್ಲಿಯೇ ಕಣಕ್ಕಿಳಿಯುತ್ತದೆ; ಗಂಡಸರ ಜೊತೆಗೆ ಹೆಣ್ಣುಮಕ್ಕಳೂ ಕೋಲು ಹಿಡಿದು ಆಡುವುದುಂಟು. ಚಿಣ್ಣಪ್ಪನವರ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಸ್ಕ್ವಾಷ್. ಮುತ್ತಾತ ಆಡಿದರು, ತಾತ ಆಡಿದರು, ತಂದೆ ತಮಿಳುನಾಡು ತಂಡಕ್ಕೇ ಆಡಿದರು. ಮಗಳ ಕೈಗೆ ರಾಕೆಟ್ ಕೊಟ್ಟು ಮೊದಲ ಪಾಠ ಹೇಳಿದವರೂ ಆ ತಂದೆಯೇ.

ಆಟದ ಪರಿ

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು. ಸ್ಕ್ವಾಷ್ ಹುಟ್ಟಿದ್ದು ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ, 1830ರ ದಶಕದ ಸುಮಾರಿಗೆ. ಆಂಗ್ಲರ ದಂಡುಪ್ರದೇಶಗಳ ಮತ್ತು ಕ್ಲಬ್ಬುಗಳ ಮೂಲಕ ಅದು ನಮ್ಮ ದೇಶಕ್ಕೆ ಬಂತು; ಬಹುಕಾಲ ಅಲ್ಲಿಯೇ ಉಳಿದದ್ದರಿಂದ ಹಳ್ಳಿಗಳಿಗೆ ಅದರ ಪರಿಚಯವಾಗಲಿಲ್ಲ. 9.75 ಮೀಟರ್ ಉದ್ದ, 6.40 ಮೀಟರ್ ಅಗಲದ, ನಾಲ್ಕು ಕಡೆಯೂ ಗೋಡೆಯಿರುವ ಕೋಣೆಯೇ ಅಂಗಳ. ಟೆನಿಸ್‌ನಲ್ಲಿರುವಂತೆ ನಡುವೆ ಬಲೆಯಿಲ್ಲ. ಇಬ್ಬರೂ ಒಂದೇ ಕಡೆ ನಿಂತು, ಒಂದೇ ಮುಂಗೋಡೆಗೆ ಚೆಂಡನ್ನು ಹೊಡೆಯಬೇಕು. ಗೋಡೆಯ ತಳಭಾಗದಲ್ಲಿರುವ ತಗಡಿಗೆ ಚೆಂಡು ತಾಗಿದರೆ ಅಂಕ ಎದುರಾಳಿಗೆ. ಪುಟಿದು ಬಂದ ಚೆಂಡು ನೆಲಕ್ಕೆ ಎರಡನೆಯ ಬಾರಿ ಬೀಳುವುದರೊಳಗೆ ಅದನ್ನು ಹಿಂದಿರುಗಿಸಬೇಕು. 11 ಅಂಕಕ್ಕೆ ಒಂದು ಆಟ. ಐದರಲ್ಲಿ ಮೂರು ಆಟ ಗೆದ್ದವರಿಗೆ ಜಯ.

ರಬ್ಬರಿನ ಟೊಳ್ಳು ಚೆಂಡು ಕೇವಲ 24 ಗ್ರಾಂ ತೂಕದ್ದು. ತಣ್ಣಗಿರುವಾಗ ಅದು ಪುಟಿಯುವುದೇ ಇಲ್ಲ; ಹೊಡೆದು ಹೊಡೆದು ಕಾಯಿಸಿದ ಮೇಲೆಯೇ ಅದಕ್ಕೆ ಜೀವ ಬರುತ್ತದೆ. ಪ್ರತಿ ಹೊಡೆತಕ್ಕೂ ಮೂಲೆಗೆ ಓಡಿ, ಬಗ್ಗಿ, ತಿರುಗಿ, ಮತ್ತೆ ಅಂಗಳದ ನಡುವಿಗೆ ಬಂದು ನಿಲ್ಲಬೇಕು. ಮೊಣಕಾಲು, ಸೊಂಟ, ಉಸಿರು ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಆಟವಿದು.

ಹದಿನಾಲ್ಕರಲ್ಲಿ ರಾಷ್ಟ್ರದ ರಾಣಿ

ಮದರಾಸ್ ಕ್ರಿಕೆಟ್ ಕ್ಲಬ್ಬಿನ ಅಂಗಳದಲ್ಲಿ ಆಡಿ ಬೆಳೆದ ಈ ಬಾಲೆ 2000ದಲ್ಲಿ, ಇನ್ನೂ ಹದಿನಾಲ್ಕರ ಪ್ರಾಯದಲ್ಲಿ, ಕಿರಿಯರ ರಾಷ್ಟ್ರೀಯ ಪ್ರಶಸ್ತಿಯ ಜೊತೆಗೆ ಹಿರಿಯರ ಪ್ರಶಸ್ತಿಯನ್ನೂ ಗೆದ್ದುಕೊಂಡರು. ನಮ್ಮ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳ ಆಟ ನಿಲ್ಲುವುದೂ ಸರಿಸುಮಾರು ಅದೇ ವಯಸ್ಸಿಗೆ ಎಂಬುದನ್ನು ಓದುಗರು ಗಮನಿಸಬೇಕು. ಮುಂದೆ ಚೆನ್ನೈನ ಸ್ಕ್ವಾಷ್ ಅಕಾಡೆಮಿಯಲ್ಲಿ ಸೈರಸ್ ಪೊಂಚಾ ಮತ್ತು ಮೇಜರ್ ಎಸ್. ಮಣಿಯಂ ಅವರ ಮಾರ್ಗದರ್ಶನ ದೊರೆಯಿತು. 2003ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್‌ನ ಹದಿನೇಳು ವರ್ಷದೊಳಗಿನವರ ವಿಭಾಗದಲ್ಲಿ, 2005ರಲ್ಲಿ ಹತ್ತೊಂಬತ್ತರೊಳಗಿನವರ ವಿಭಾಗದಲ್ಲಿ ಗೆದ್ದರು. ಅದೇ ವರ್ಷ ವಿಶ್ವ ಕಿರಿಯರ ಸ್ಪರ್ಧೆಯ ಅಂತಿಮ ಹಂತವನ್ನೂ ತಲಪಿದರು.

ಇಷ್ಟಾದರೂ ವೃತ್ತಿಪರ ಆಟಗಾರರ ಬದುಕು ಸುಲಭದ್ದಲ್ಲ. ತಿಂಗಳ ಸಂಬಳವಿಲ್ಲ. ಊರೂರು, ದೇಶದೇಶ ಸುತ್ತಿ ಸ್ಪರ್ಧಿಸಬೇಕು. ಗೆದ್ದಷ್ಟು ಬಹುಮಾನ, ಗೆದ್ದಷ್ಟು ಅಂಕ. ಆ ಅಂಕಗಳ ಮೇಲೆ ವಿಶ್ವಶ್ರೇಯಾಂಕ, ಶ್ರೇಯಾಂಕದ ಮೇಲೆ ಮುಂದಿನ ಸ್ಪರ್ಧೆಗೆ ಪ್ರವೇಶ. ಮೊದಲ ಸುತ್ತಿನಲ್ಲಿಯೇ ಸೋತರೆ ದಾರಿಯ ಖರ್ಚೂ ಹುಟ್ಟದು. ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲದ ಆಟವಾದ್ದರಿಂದ ಪತ್ರಿಕೆಗಳ ಕಣ್ಣಿಗೂ ಅದು ಬೀಳುತ್ತಿದ್ದುದು ಅಪರೂಪ.

ಬಿದ್ದು ಎದ್ದ ಕಾಲ

ಇಂತಹ ಹಾದಿಯಲ್ಲಿ ನಡೆಯುತ್ತಿದ್ದಾಗಲೇ, 2011ರ ಸುಮಾರಿಗೆ, ಮೊಣಕಾಲಿಗೆ ತೀವ್ರ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ತಿಂಗಳುಗಟ್ಟಲೆ ಅಂಗಳದಿಂದ ದೂರ. ಕಾಲೇ ಬಂಡವಾಳವಾದ ಆಟದಲ್ಲಿ ಕಾಲೇ ಕೈಕೊಟ್ಟರೆ ಗತಿಯೇನು? ಆಗ ಅವರಿಗೆ ಇಪ್ಪತ್ತೈದು ವರ್ಷ. ‘ಇಷ್ಟು ಆಡಿದ್ದು ಸಾಕು’ ಎಂದು ಕೈಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಕಾಲಿಗೆ ಮತ್ತೆ ಬಲ ತುಂಬಿಕೊಂಡು ಅಂಗಳಕ್ಕೆ ಮರಳಿದರು. ನಾವು ಇಂದು ಎಣಿಸುವ ಅವರ ಬಹುಪಾಲು ದೊಡ್ಡ ಗೆಲುವುಗಳು ಈ ಮರಳುವಿಕೆಯ ನಂತರದವು ಎಂಬುದು ಸ್ಮರಣೀಯ.

2013ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. 2014ರಲ್ಲಿ ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಅವರೊಡಗೂಡಿ, ಇಂಗ್ಲೆಂಡಿನ ಜೆನ್ನಿ ಡಂಕಾಫ್ ಮತ್ತು ಲಾರಾ ಮಸಾರೊ ಜೋಡಿಯನ್ನು ಮಣಿಸಿ ಚಿನ್ನ ಗೆದ್ದರು. ಆ ಕೂಟದ ಸ್ಕ್ವಾಷ್‌ನಲ್ಲಿ ಭಾರತಕ್ಕೆ ದೊರೆತ ಮೊಟ್ಟಮೊದಲ ಪದಕವೇ ಚಿನ್ನದ್ದಾಯಿತು. 2016ರಲ್ಲಿ ವಿಶ್ವದ ಹತ್ತನೆಯ ಸ್ಥಾನಕ್ಕೆ ಏರಿದರು. 2017ರಲ್ಲಿ ತಾವು ಬೆಳೆದ ಚೆನ್ನೈನಲ್ಲಿಯೇ ಏಷ್ಯಾ ಚಾಂಪಿಯನ್ ಆದರು. 2019ರಲ್ಲಿ ಆ ಪಟ್ಟವನ್ನು ಉಳಿಸಿಕೊಂಡರು.

ಎಂಟು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಮಲೇಷಿಯಾದ ನಿಕೋಲ್ ಡೇವಿಡ್ ಅವರನ್ನು 2018ರಲ್ಲಿ ಈಜಿಪ್ಟಿನ ಎಲ್ ಗೌನಾದಲ್ಲಿ ಸೋಲಿಸಿದ್ದು ದೊಡ್ಡ ಸುದ್ದಿ. ಅದೇ ವರ್ಷ ಜಕಾರ್ತದ ಏಷ್ಯಾ ಕ್ರೀಡಾಕೂಟದ ತಂಡ ಸ್ಪರ್ಧೆಯ ಉಪಾಂತ್ಯದಲ್ಲಿ ಅವರನ್ನೇ ಮತ್ತೆ ಎದುರಿಸಿ, ಐದು ಆಟಗಳ ದೀರ್ಘ ಹೋರಾಟದಲ್ಲಿ ಗೆದ್ದು ಭಾರತವನ್ನು ಅಂತಿಮ ಹಂತಕ್ಕೆ ಕೊಂಡೊಯ್ದರು. ಆ ಕೂಟದಲ್ಲಿ ತಂಡಕ್ಕೆ ಬೆಳ್ಳಿ, ಅವರಿಗೆ ಸಿಂಗಲ್ಸ್ ಕಂಚು.

ರಾಷ್ಟ್ರೀಯ ಪ್ರಶಸ್ತಿಗಳದು ಬೇರೆಯೇ ಕಥೆ. 1977ರಿಂದ 1992ರವರೆಗೆ ಸತತ ಹದಿನಾರು ವರ್ಷ ಆ ಪಟ್ಟವನ್ನು ಬಿಟ್ಟುಕೊಡದಿದ್ದವರು ಭುವನೇಶ್ವರಿ ಕುಮಾರಿ. ಅಳಿಯದ ದಾಖಲೆಯೆಂದೇ ತೋರುತ್ತಿದ್ದ ಅದನ್ನು ದಾಟಿದ ಜೋಷ್ನಾ, 2020ರಲ್ಲಿ 18ನೆಯ ಬಾರಿ ರಾಷ್ಟ್ರೀಯ ಚಾಂಪಿಯನ್ ಎನಿಸಿದರು. ಮೊದಲನೆಯದಕ್ಕೂ ಹದಿನೆಂಟನೆಯದಕ್ಕೂ ನಡುವೆ ಇಪ್ಪತ್ತು ವರ್ಷ!

ತಾಯಂದಿರಿಗೊಂದು ಮಾತು

ಈ ಕಥೆಯಲ್ಲಿ ಗೆಳತಿ ದೀಪಿಕಾ ಅವರ ಪಾಲನ್ನೂ ಮರೆಯುವಂತಿಲ್ಲ. 2021ರ ಅಕ್ಟೋಬರ್‌ನಲ್ಲಿ ಅವಳಿ ಗಂಡುಮಕ್ಕಳಿಗೆ ತಾಯಿಯಾದ ಆಕೆ, ಆರು ತಿಂಗಳು ಕಳೆಯುವಷ್ಟರಲ್ಲಿ ಜೋಷ್ನಾ ಅವರೊಂದಿಗೆ ಮತ್ತೆ ಅಂಗಳಕ್ಕಿಳಿದರು. 2022ರ ಏಪ್ರಿಲ್‌ನಲ್ಲಿ, ಎಂಟು ವರ್ಷದ ಹಿಂದೆ ಚಿನ್ನ ಗೆದ್ದಿದ್ದ ಅದೇ ಗ್ಲಾಸ್ಗೋದಲ್ಲಿ, ಇಬ್ಬರೂ ಕೂಡಿ ಮಹಿಳೆಯರ ವಿಶ್ವ ಡಬಲ್ಸ್ ಪ್ರಶಸ್ತಿ ಗೆದ್ದರು. ಮದುವೆ, ಮಕ್ಕಳು ಎಂದೊಡನೆ ಹೆಣ್ಣಿನ ಶಕ್ತಿ ಮುಗಿಯಿತೆಂದು ಭಾವಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

2024ರಲ್ಲಿ ಭಾರತ ಸರಕಾರವು ಜೋಷ್ನಾ ಅವರಿಗೆ ಪದ್ಮಶ್ರೀ ಗೌರವ ಘೋಷಿಸಿತು. ಸಾಮಾನ್ಯವಾಗಿ ಆಟಗಾರರು ಹಾರ ಹಾಕಿಸಿಕೊಂಡು ವಿಶ್ರಾಂತರಾಗುವ ಘಟ್ಟವದು. ಅವರು ಮಾತ್ರ 2025ರ ಅಕ್ಟೋಬರ್‌ನಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಯೊಕೊಹಾಮಾದಲ್ಲಿ ಜಪಾನ್ ಓಪನ್ ಗೆದ್ದರು. ಅದೇ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಭಾರತ ತಂಡ ಹಾಂಗ್‌ಕಾಂಗ್ ತಂಡವನ್ನು ಸೋಲಿಸಿ ಮೊಟ್ಟಮೊದಲ ಬಾರಿಗೆ ವಿಶ್ವಕಪ್ ಎತ್ತಿದಾಗ, ತಂಡದಲ್ಲಿ ಅವರ ಅರ್ಧ ವಯಸ್ಸೂ ಆಗಿರದ ಅನಾಹತ್ ಸಿಂಗ್ ಇದ್ದರು. ಪಕ್ಕದಲ್ಲಿ ಜೋಷ್ನಾ ಇದ್ದರು. ಒಲಿಂಪಿಕ್ಸ್‌ನ ಬಾಗಿಲೂ ಕೊನೆಗೂ ತೆರೆದಿದೆ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸ್ಕ್ವಾಷ್ ಅನ್ನು ಸೇರಿಸುವ ನಿರ್ಣಯ 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಸಭೆಯಲ್ಲಿಯೇ ಆಯಿತು.

ನಮ್ಮ ಮನೆಗಳಿಗೆ

ಚಿಣ್ಣಪ್ಪನವರ ಮನೆಗೆ ಅನುಕೂಲವಿತ್ತು, ಸಮೀಪದಲ್ಲಿಯೇ ಅಂಗಳವಿತ್ತು, ಆಟ ಬಲ್ಲ ತಂದೆಯಿದ್ದರು; ನಮ್ಮಲ್ಲಿ ಅವೆಲ್ಲ ಎಲ್ಲಿವೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಎಲ್ಲ ಮಕ್ಕಳೂ ಪದ್ಮಶ್ರೀ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಆದರೆ ಆ ಮನೆಯವರು ಮಗಳಿಗೆ ಕೊಟ್ಟದ್ದರಲ್ಲಿ ಹಣ ಬೇಡದ ವಸ್ತುವೊಂದಿತ್ತು. ಹದಿನಾಲ್ಕರಲ್ಲಿ ಅವರು ‘ಸಾಕು’ ಎನ್ನಲಿಲ್ಲ. ಅದನ್ನು ಕೊಡಲು ನಮಗೇನು ಬಡತನ? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಮನೆಗಳು ನಮ್ಮವು. ಶ್ರದ್ಧೆಯಿಂದ ಮಾಡಿದರೆ ಗೋಡೆಗೆ ಚೆಂಡು ಹೊಡೆಯುವುದೂ ಕಾಯಕವೇ. ಹೆಣ್ಣನ್ನು ನಾಲ್ಕು ಗೋಡೆಗಳ ನಡುವೆ ಕೂಡಿಹಾಕಿದ ಕಾಲವೊಂದಿತ್ತು. ಅಂಥವೇ ನಾಲ್ಕು ಗೋಡೆಗಳ ನಡುವೆ ನಿಂತು ಲೋಕ ಗೆದ್ದ ಹೆಣ್ಣಿನ ಕಥೆಯಿದು.

ಅಂದು ಜಗಲಿಯ ಮೇಲೆ ಇಷ್ಟನ್ನೂ ಕೇಳಿದ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಮೊಮ್ಮಗಳತ್ತ ತಿರುಗಿ, “ಹೊತ್ತು ಮುಳುಗೋದ್ರೊಳಗೆ ಮನೆ ಸೇರೋದಾದ್ರೆ ನಾಳೆಯಿಂದ ಹೋಗವ್ವ ಆಟಕ್ಕೆ” ಎಂದರು. ಹುಡುಗಿ ಒಳಗೆ ಓಡಿದಳು. ಓಡಿದ ರಭಸ ನೋಡಿದರೆ, ಖೊಖೊ ತಂಡಕ್ಕೆ ಅವಳು ಬೇಕಾಗಿದ್ದಳೆಂಬುದರಲ್ಲಿ ನಮಗೆ ಸಂದೇಹ ಉಳಿಯಲಿಲ್ಲ.